ಚುಕ್ಕಿ ಅಳಿಸಿದ ಮೇಲೆ

ಆ ಸಿನಿಮಾದ ಎರಡನೆಯ ಭಾಗವನ್ನು ಯಾರಾದರೂ ಬಯ್ಯುವುದು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಹೇಳುವುದು ಸುಳ್ಳೆಂದಲ್ಲ. ಬಯ್ಯಲು ಅವರೆಲ್ಲರಿಗಿಂತ ದೊಡ್ಡ ಕಾರಣ ಇರುವ ನಾನೇ ಬಾಯಿ ಮುಚ್ಚಿಕೊಂಡು ಕೂತಿರುವಾಗ ಇವರದ್ದೇನು ದೊಡ್ಡ ಗೋಳು ಎಂದು ಸಿಟ್ಟು. ಮೊನ್ನೆ ಬಿ.ಸಿ. ರೋಡಿನ ನನ್ನ ಹೊಲಿಗೆ ಅಂಗಡಿಗೆ ರವಿಕೆಯ ಅಳತೆ ಕೊಡಲು ಬಂದ ಹುಡುಗಿಯೊಬ್ಬಳು, "ಆ ರಾಕ್ಷಸನ ಗ್ರಾಫಿಕ್ಸ್ ನೋಡಿದ್ರಾ ಆಂಟಿ? ನಕ್ಕು ನಕ್ಕು ಸಾಕಾಯ್ತು" ಎಂದಳು. ಟೇಪನ್ನು ಅವಳ ತೋಳಿಗೆ ಸುತ್ತಿ ಸ್ವಲ್ಪ ಬಿಗಿಯಾಗಿಯೇ ಎಳೆದೆ. "ಆಂಟೀ, ನೋವಾಗ್ತದೆ" ಎಂದಳು. ಆಗಲಿ ಎಂದುಕೊಂಡೆ.

ಆ ರಾಕ್ಷಸ ನನ್ನ ಅಪ್ಪ.

ಅಪ್ಪ ಯಕ್ಷಗಾನದಲ್ಲಿ ಬಣ್ಣದ ವೇಷದವರು. ಬಣ್ಣದ ವೇಷವೆಂದರೆ ರಾಕ್ಷಸರು, ರಕ್ಕಸಿಯರು, ಒಟ್ಟಿನಲ್ಲಿ ಮಕ್ಕಳನ್ನು ಹೆದರಿಸುವವರು. ಮುಖಕ್ಕೆ ಕೆಂಪು, ಕಪ್ಪು ಬಳಿದು, ಅದರ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ್ದನ್ನು ಸಣ್ಣ ಕಡ್ಡಿಯಲ್ಲಿ ಅದ್ದಿ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗಬೇಕು. ಅದಕ್ಕೆ ಚಿಟ್ಟಿ ಎನ್ನುತ್ತಾರೆ. ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿ ಒಣಗಿ ಮುಳ್ಳಿನ ಹಾಗೆ ನಿಲ್ಲುತ್ತದೆ. ಆಮೇಲೆ ರಂಗಕ್ಕೆ ಹೋಗುವವರೆಗೆ ಆ ಮನುಷ್ಯ ಮಾತಾಡಬಾರದು, ನಗಬಾರದು, ಊಟದ ಆಸೆಯನ್ನಂತೂ ಬಿಟ್ಟೇ ಬಿಡಬೇಕು. ಕೆನ್ನೆ ಅಲ್ಲಾಡಿದರೆ ಚಿಟ್ಟಿ ಉದುರುತ್ತದೆ. ಗಡ್ಡದ ಕೂದಲು ಒಂದು ಚೂರು ಇದ್ದರೂ ಅದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಯಕ್ಷಗಾನದ ಆಟ ಇರಲಿ ಬಿಡಲಿ, ಅಪ್ಪ ದಿನಾ ಬೆಳಿಗ್ಗೆ ಚಾ ಕುಡಿಯುವ ಮೊದಲು ಗಡ್ಡ ತೆಗೆಯುತ್ತಿದ್ದರು. ಮನೆಯಲ್ಲಿ ಜಗಳವಾದಾಗಲೆಲ್ಲ ಅಮ್ಮ, "ಇವರ ಮುಖಕ್ಕೆ ಒಮ್ಮೆ ಚಿಟ್ಟಿ ಇಟ್ಟುಬಿಡು ಮಗಾ, ಆಗ ಸುಮ್ಮನಾಗ್ತಾರೆ" ಎನ್ನುತ್ತಿದ್ದರು.

ಇಷ್ಟೆಲ್ಲ ಮಾಡಿ ಆದದ್ದೇನು? ಅಪ್ಪನ ವೇಷವನ್ನು ಊರಿಡೀ ಗುರುತಿಸುತ್ತಿತ್ತು, ಅಪ್ಪನನ್ನು ಯಾರೂ ಗುರುತಿಸುತ್ತಿರಲಿಲ್ಲ. ವಿಟ್ಲದ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತವರೊಬ್ಬರು ಸಾರಿನಿಂದ ಹಿಡಿದು ಪಾಯಸದವರೆಗೆ ಹಿಂದಿನ ದಿನದ ಆಟದ ರಾಕ್ಷಸನನ್ನೇ ಹೊಗಳಿದರಂತೆ. "ಅಂಥ ಅಬ್ಬರ ಈಗ ಯಾರಿಗೆ ಬರ್ತದೆ ಮಾರಾಯ್ರೆ! ನೀವು ನೋಡಿದ್ರಾ?" ಎಂದು ಅಪ್ಪನನ್ನೇ ಕೇಳಿದರಂತೆ. "ನೋಡ್ಲಿಕ್ಕೆ ಆಗ್ಲಿಲ್ಲ" ಎಂದು ಹೇಳಿ, ಕೈ ತೊಳೆದು ಬಂದಿದ್ದರು ಈ ಮಹಾನುಭಾವರು. ಅದು ನಾನೇ ಎಂದು ಹೇಳಲಿಕ್ಕೆ ಏನಾಗಿತ್ತು ಎಂದು ನಾನು ರೇಗಿದೆ. "ಹೇಳಿದ್ರೆ ನಂಬ್ತಿದ್ರಾ? ಈ ಮುಖ ನೋಡಿ?" ಎಂದು ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಬೇಜಾರೂ ಇತ್ತು. ಅಪ್ಪನದ್ದು ಸಣ್ಣ ಮುಖ, ಒಳಗೆ ಹೋದ ಕೆನ್ನೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತರೆ ಮತ್ತೆ ಹುಡುಕಿ ತೆಗೆಯುವುದು ಕಷ್ಟ.

ಸಿನಿಮಾದ ಮೊದಲ ಭಾಗಕ್ಕೆ ಅವರನ್ನು ಕರೆದದ್ದು ಕೆಲವು ವರ್ಷಗಳ ಹಿಂದೆ. ಕರೆಂಟು ಕಂಬ ಹತ್ತುವ ಲೈನ್‌ಮ್ಯಾನ್ ಒಬ್ಬನಿಗೆ ಸಿಡಿಲು ಬಡಿದು ಎಲ್ಲಿಲ್ಲದ ಶಕ್ತಿ ಬರುವ ಕಥೆ. ಮಾಡಿದವರು ಹೊಸ ಹುಡುಗರು. ಉತ್ಸಾಹ ಬಿಟ್ಟರೆ ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ರಾಕ್ಷಸನನ್ನು ಕಂಪ್ಯೂಟರಿನಲ್ಲಿ ಬರೆಸಲು ಗತಿಯಿಲ್ಲದೆ ಅಪ್ಪನ ನಿಜವಾದ ಬಣ್ಣದ ವೇಷವನ್ನೇ ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ಕಾಡಿನಲ್ಲಿ ನಿಲ್ಲಿಸಿದರು. ಉರಿಯುವ ದೊಂದಿಗೆ ರಾಳದ ಪುಡಿ ಎರಚಿ ಭಗ್ಗೆಂದು ಜ್ವಾಲೆ ಎಬ್ಬಿಸಿದರು, ಅಷ್ಟೇ ಅವರ ಗ್ರಾಫಿಕ್ಸು. ಬೆಳ್ತಂಗಡಿಯ ಚಿತ್ರಮಂದಿರದಲ್ಲಿ ನಾವೆಲ್ಲ ಒಟ್ಟಿಗೆ ಕೂತು ನೋಡಿದೆವು. ಬೆಂಕಿಯ ನಡುವಿನಿಂದ ಅಪ್ಪ ಬಂದಾಗ ನನ್ನ ಹಿಂದೆ ಕೂತಿದ್ದ ಮಗುವೊಂದು ಕಿರುಚಿ ಅತ್ತೇಬಿಟ್ಟಿತು. ಶಿಳ್ಳೆ ಹೊಡೆದವರಿಗೆ ಲೆಕ್ಕವಿಲ್ಲ. ಅಪ್ಪ ಕತ್ತಲೆಯಲ್ಲಿ ನನ್ನ ಕಡೆ ಬಾಗಿ, "ಎಡಗಣ್ಣಿನ ಹತ್ರ ಒಂದು ಚಿಟ್ಟಿ ಬಿದ್ದುಹೋಗಿದೆ ನೋಡು" ಎಂದರು. ನಾನು ಅಳುತ್ತಾ ನಗುತ್ತಿದ್ದೆ.

ಹೊರಗೆ ಬಂದಾಗ ಜನ ಆ ರಾಕ್ಷಸನ ಬಗ್ಗೆಯೇ ಮಾತಾಡುತ್ತಾ ಅಪ್ಪನನ್ನು ತಳ್ಳಿಕೊಂಡು ಮುಂದೆ ಹೋದರು. ಒಬ್ಬ, "ಸ್ವಲ್ಪ ಆಚೆ ನಿಲ್ಲಿ ಅಜ್ಜ" ಎಂದ. ನಮ್ಮನ್ನು ಕರೆದುಕೊಂಡು ಬಂದಿದ್ದ ನೆರೆಮನೆಯ ರಿಕ್ಷಾದ ಬ್ಯಾರಿಗೆ ಅದನ್ನು ತಡೆಯಲಾಗಲಿಲ್ಲ. ಆಟದ ಹುಚ್ಚಿನ ಮನುಷ್ಯ ಅವರು, ಅಪ್ಪನ ವೇಷ ಎಲ್ಲಿದ್ದರೂ ಹೋಗಿ ನೋಡುವವರು. "ಎಂತ ಅಜ್ಜ ಮಾರಾಯ, ಅದು ಇವರೇ!" ಎಂದು ಕೂಗಿದರು. ಆತ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಇವರು ತಮಾಷೆ ಮಾಡುತ್ತಿದ್ದಾರೆಂದು ನಕ್ಕು ಹೋದ.

ಮೊದಲ ಭಾಗ ಚೆನ್ನಾಗಿ ಓಡಿತು. ಓಡಿದ್ದೇ ತಪ್ಪಾಯಿತು ಎಂದು ಈಗ ಅನಿಸುತ್ತದೆ. ಎರಡನೆಯದಕ್ಕೆ ದೊಡ್ಡವರು ಬಂದರು. ಹೈದರಾಬಾದಿನ ಸ್ಟುಡಿಯೋದಲ್ಲಿ ಶೂಟಿಂಗ್ ಎಂದು ಫೋನು ಬಂತು. ಅಪ್ಪ ಚಿಟ್ಟಿಯ ಹಿಟ್ಟಿಗೆ ಯಾವ ಅಕ್ಕಿ ಒಯ್ಯಬೇಕೆಂದು ಅಮ್ಮನ ಹತ್ತಿರ ಚರ್ಚೆ ಮಾಡುತ್ತಿದ್ದಾಗ ಫೋನಿನಲ್ಲಿದ್ದವರು ಹೇಳಿದರು: "ಈ ಸಲ ಬಣ್ಣ ಬೇಡ ಸರ್. ನಿಮ್ಮ ಮುಖವೇ ಸಾಕು."

ನಿಮ್ಮ ಮುಖವೇ ಸಾಕು. ಈ ಮೂರು ಶಬ್ದಗಳನ್ನು ಅಪ್ಪ ಎಷ್ಟು ಜನರಿಗೆ ಹೇಳಿದರೋ! ಹಾಲು ತರುವವರಿಗೆ ಹೇಳಿದರು, ಬಂಟ್ವಾಳ ಪೇಟೆಯ ಕ್ಷೌರದಂಗಡಿಯಲ್ಲಿ ಹೇಳಿದರು, ಧರ್ಮಸ್ಥಳಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಯಾತ್ರಿಕರಿಗೂ ಹೇಳಿದರು. ನನಗೆ ನಾಚಿಕೆಯಾಗುತ್ತಿತ್ತು. "ಸಾಕು ಅಪ್ಪ, ಸಿನಿಮಾ ಬರ್ಲಿ ಮೊದ್ಲು" ಎಂದರೆ, "ನಿನಗೆಂತ ಗೊತ್ತು? ಜೀವಮಾನ ಇಡೀ ಮುಚ್ಚಿಕೊಂಡೇ ಕುಣಿದದ್ದು ನಾನು" ಎನ್ನುತ್ತಿದ್ದರು. ಹೊಸ ರೇಜರ್ ತಂದರು. ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿ ಇಳಿಸಿ ಅಭ್ಯಾಸ ಮಾಡಿದರು. ಅಮ್ಮ ಬಾಗಿಲ ಮರೆಯಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಹೈದರಾಬಾದಿನಿಂದ ವಾಪಸು ಬಂದ ದಿನ ಚೀಲ ಕೆಳಗಿಡುವ ಮೊದಲೇ ಸುದ್ದಿ ಶುರುವಾಯಿತು. ಮೈಗೆ ಅಂಟುವ ಬೂದು ಬಣ್ಣದ ಅಂಗಿ ತೊಡಿಸಿದ್ದರಂತೆ. ಸುತ್ತ ಹಸಿರು ಬಟ್ಟೆ ಬಿಟ್ಟರೆ ಏನೂ ಇರಲಿಲ್ಲವಂತೆ, ಎದುರಿನಲ್ಲಿ ನಾಯಕನೂ ಇರಲಿಲ್ಲವಂತೆ. ತಲೆಗೆ ಕಟ್ಟಿದ ಕ್ಯಾಮರಾ ಮುಖವನ್ನೇ ನೋಡುತ್ತಿತ್ತಂತೆ.

"ಮತ್ತೆ ಮುಖಕ್ಕೆ ಚುಕ್ಕಿ ಇಟ್ರು. ಕಪ್ಪು ಚುಕ್ಕಿ, ಪೆನ್ನಿನಲ್ಲಿ. ನಮ್ಮ ಚಿಟ್ಟಿಯ ಹಾಗೆಯೇ, ಹುಬ್ಬಿನ ಮೇಲೆ, ಕೆನ್ನೆಗೆ, ತುಟಿಯ ಸುತ್ತ!" ಅಪ್ಪನ ಕಣ್ಣು ಹೊಳೆಯುತ್ತಿತ್ತು. ಎಲ್ಲಿಯದೋ ಹುಡುಗರು ತನ್ನ ವಿದ್ಯೆಯನ್ನೇ ಬೇರೆ ಕಡೆಯಿಂದ ಕಲಿತು ಬಂದಿದ್ದಾರೆ ಎಂಬ ಖುಷಿ ಅವರಿಗೆ. ಚುಕ್ಕಿ ಇಟ್ಟದ್ದೇ ತಡ, ಅಪ್ಪ ಬಾಯಿ ಮುಚ್ಚಿ ಕೂತರು. ಊಟಕ್ಕೆ ಕರೆದರೆ ತಲೆಯಾಡಿಸಿದರು. ಕೇಳಿದ್ದಕ್ಕೆಲ್ಲ ಕೈಸನ್ನೆ. ಆ ಹುಡುಗರು ಹೆದರಿ, ಅಜ್ಜನಿಗೆ ಏನೋ ಆಯಿತೆಂದು ಡಾಕ್ಟರನ್ನು ಕರೆಸಿದರಂತೆ. ಆಮೇಲೆ ಒಬ್ಬಳು ಹುಡುಗಿ ಕನ್ನಡದವಳು ಬಂದು, "ಸರ್, ಮಾತಾಡಿ ಸರ್, ಊಟ ಮಾಡಿ, ಇದು ಉದುರೋದಿಲ್ಲ" ಎಂದಳಂತೆ. "ಮತ್ತೆ ಈ ಚುಕ್ಕಿ ಸಿನಿಮಾದಲ್ಲಿ ಕಾಣ್ತದಾ?" ಎಂದು ಅಪ್ಪ ಕೇಳಿದರು. "ಇಲ್ಲ ಸರ್, ಎಲ್ಲ ಕಂಪ್ಯೂಟರಲ್ಲಿ ಅಳಿಸಿಬಿಡ್ತೀವಿ" ಎಂದಳು.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಚುಕ್ಕಿ ಅಳಿಸಿದರೆ ಮುಖ ಉಳಿಯುತ್ತದೆ ಎಂದು ಅಪ್ಪ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮಲ್ಲಿ ಬೇರೆ ಹೇಗೆ ತಿಳಿಯುತ್ತಾರೆ ಹೇಳಿ? ಬೆಳಗಾದ ಮೇಲೆ ತೆಂಗಿನೆಣ್ಣೆ ಹಚ್ಚಿ ಚಿಟ್ಟಿ ಉಜ್ಜಿ ತೆಗೆದರೆ ಕೆಳಗೆ ಮನುಷ್ಯನ ಮುಖವೇ ಇರುತ್ತದೆ.

ಅದಾಗಿ ಆ ಮಳೆಗಾಲ ಮುಗಿಯುವ ಮೊದಲು ಅಪ್ಪನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿದವರು ಹಾಗೆಯೇ ಬಚ್ಚಲ ಗೋಡೆಗೆ ಒರಗಿದ್ದರು. ಬಲಬದಿ ಬಿದ್ದುಹೋಯಿತು. ತುಟಿ ಒಂದು ಕಡೆಗೆ ಜಾರಿತು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬರುವಾಗ ಅವರಲ್ಲಿ ಉಳಿದದ್ದು ಕೆಲವೇ ತುಳು ಶಬ್ದಗಳು, ಅವೂ ನಮಗೆ ಮಾತ್ರ ಅರ್ಥವಾಗುವಂಥವು. ಮನೆ ಅಲ್ಲಾಡುವಂತೆ ಅಬ್ಬರಿಸುತ್ತಿದ್ದ ಗಂಟಲು ಅದು. ಗಡ್ಡ ತೆಗೆಯಲು ಹೋದರೆ ಎಡಗೈಯಿಂದ ನನ್ನ ಕೈಯನ್ನು ದೂಡುತ್ತಿದ್ದರು, ಇನ್ನು ಯಾವ ವೇಷಕ್ಕೆ ಎಂಬ ಹಾಗೆ. ಬಿಳಿಯ ಗಡ್ಡ ಕುತ್ತಿಗೆಗೆ ಇಳಿಯಿತು. ಅಮ್ಮ ತಮಾಷೆ ಮಾಡುವುದನ್ನು ಬಿಟ್ಟರು.

ಸಿನಿಮಾ ಮಾತ್ರ ಇತ್ತು. ಅದೊಂದು ಬರಲಿಕ್ಕೆ ಬಾಕಿ ಇತ್ತು. ಟಿ.ವಿ.ಯಲ್ಲಿ ಅದರ ಜಾಹೀರಾತು ಬಂದರೆ ಅಪ್ಪ ಎಡಗೈ ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸುತ್ತಿದ್ದರು. ಅದರಲ್ಲಿ ನಾಯಕ, ಸಿಡಿಲು, ಬೀಳುವ ಕಟ್ಟಡ ಇಷ್ಟೇ. ರಾಕ್ಷಸನನ್ನು ಗುಟ್ಟಾಗಿಟ್ಟಿದ್ದಾರೆ ಎಂದು ನಾವು ಅಂದುಕೊಂಡೆವು. ನನಗೆ ಒಂದೇ ಆಸೆ ಇದ್ದದ್ದು. ಆ ಮುಖ, ಎರಡೂ ಬದಿ ಸರಿಯಿದ್ದ ಆ ಮುಖ, ಬಣ್ಣವಿಲ್ಲದೆ ಗೋಡೆಯಷ್ಟು ದೊಡ್ಡದಾಗಿ ಕಾಣಬೇಕು. ಅಪ್ಪ ಅದನ್ನು ನೋಡಬೇಕು. ಹೊರಗೆ ಬರುವಾಗ ಯಾರಾದರೂ ಒಬ್ಬರು, ಒಬ್ಬರೇ ಸಾಕು, ಅವರನ್ನು ನೋಡಿ ನಿಲ್ಲಬೇಕು.

ಅಪ್ಪನಿಗೂ ಅದೇ ಇತ್ತು. ನೋಡಲು ಹೋಗುವ ದಿನ ಬೆಳಿಗ್ಗೆ ನನ್ನನ್ನು ಕರೆದು ಗಡ್ಡ ತೋರಿಸಿ, ತೆಗೆ ಎಂದು ಸನ್ನೆ ಮಾಡಿದರು. ಜನ ಗುರುತಿಸಬೇಕಲ್ಲ! ನಾನು ತೆಗೆದೆ. ಜಾರಿದ ಕೆನ್ನೆ ಹೊರಗೆ ಬಂತು. ಕನ್ನಡಿ ಕೊಟ್ಟಾಗ ಒಳ್ಳೆಯ ಬದಿಯನ್ನು ಮಾತ್ರ ತಿರುಗಿಸಿ ನೋಡಿಕೊಂಡರು.

ಮಧ್ಯಾಹ್ನದ ಆಟಕ್ಕೆ ಮೂಡುಬಿದಿರೆಗೆ ಹೋದೆವು. ಅಲ್ಲಿ ಮೆಟ್ಟಿಲು ಕಡಿಮೆ ಎಂದು ಬ್ಯಾರಿಯೇ ಮುಂಚಿತವಾಗಿ ಹೋಗಿ ನೋಡಿ ಬಂದಿದ್ದರು. ಸಿದ್ದಕಟ್ಟೆ ದಾಟುವವರೆಗೆ ಹೊಂಡ ತಪ್ಪಿಸಿ ತಪ್ಪಿಸಿ ರಿಕ್ಷಾ ಬಿಟ್ಟರು. "ಅಣ್ಣೆರೆ, ಇವತ್ತು ನಾನು ಕೂಗ್ಲಿಕ್ಕಿಲ್ಲ. ಇವತ್ತು ಜನರೇ ಕೂಗ್ತಾರೆ, ನೋಡಿ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಚಿತ್ರಮಂದಿರದಲ್ಲಿ ಮಿಜಾರಿನ ಕಡೆಯ ಕಾಲೇಜು ಮಕ್ಕಳೇ ತುಂಬಿದ್ದರು. ಅಪ್ಪನನ್ನು ಸಾಲಿನ ತುದಿಯಲ್ಲಿ ಕೂರಿಸಿ, ಒಂದು ಬದಿಗೆ ನಾನು, ನನ್ನಾಚೆ ಅಮ್ಮ, ಹಿಂದಿನ ಸಾಲಿನಲ್ಲಿ ಬ್ಯಾರಿ ಕೂತರು.

ಏನು ಹೇಳಲಿ ಆ ಸಿನಿಮಾದ ಬಗ್ಗೆ? ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಲೈನ್‌ಮ್ಯಾನ್ ಕಂಬ ಬಿಟ್ಟು ಆಕಾಶಕ್ಕೆ ಹೋಗಿದ್ದ. ನಮ್ಮ ಕಾಡಿಲ್ಲ, ದೊಂದಿಯಿಲ್ಲ, ನೀಲಿ ಬೆಳಕು ಮತ್ತು ಬೀಳುವ ಗೋಪುರಗಳು. ಒಂದು ಬಿದ್ದು ಮುಗಿಯುವಷ್ಟರಲ್ಲಿ ಇನ್ನೊಂದು. ಅರ್ಧ ಸಿನಿಮಾ ಕಳೆದ ಮೇಲೆ ಭೂಮಿ ಒಡೆದು ರಾಕ್ಷಸ ಬಂದ. ಹಲ್ಲಿಯ ಮೈ, ಆರು ಕೈ, ರಬ್ಬರಿನ ಹಾಗೆ ಹೊಳೆಯುವ ಮುಖ. ಓಡುವಾಗ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕಾಲೇಜು ಮಕ್ಕಳು ಹೋ ಎಂದು ನಕ್ಕರು. "ಚಿಕ್ಕ ಮಕ್ಕಳ ಕಾರ್ಟೂನ್ ಹಾಕಿದ್ದಾರೆ ಮಾರ್ರೆ!" ಎಂದು ಯಾರೋ ಕೂಗಿದರು.

ನನ್ನ ಪಕ್ಕದಲ್ಲಿ ಒಂದು ಸದ್ದು ಕೇಳಿತು. ತಿರುಗಿ ನೋಡಿದರೆ ಅಪ್ಪ ನಗುತ್ತಿದ್ದರು. ಎಡಬದಿಯ ತುಟಿ ಮಾತ್ರ ಮೇಲೆ ಹೋಗಿ, ಹೆಗಲು ಕುಲುಕಿ ಕುಲುಕಿ ನಗುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ಹಲ್ಲಿಯನ್ನು ಬೆರಳಿಟ್ಟು ನನಗೆ ತೋರಿಸಿದರು, ನೋಡು ನೋಡು ಎಂದು. ನಾನೂ ನಕ್ಕೆ. ಅಪ್ಪ ನಗುತ್ತಿದ್ದಾರೆ ಎಂಬ ಸಂತೋಷಕ್ಕೆ ನಕ್ಕೆ.

ಆಮೇಲೆ ರಾಕ್ಷಸ ನಾಯಕನ ಎದುರು ನಿಂತ. ಕಣ್ಣು ಮುಚ್ಚಿದ. ಗಲ್ಲವನ್ನು ಎದೆಗೆ ತಂದ. ಬಲಭುಜವನ್ನು ಒಂಚೂರು ಎತ್ತಿ, ಉಸಿರು ಒಳಗೆಳೆದು, ತಡೆದು ಹಿಡಿದ. ಆಮೇಲೆ ಅಬ್ಬರಿಸಿದ. ದನಿ ಬೇರೆ ಯಾರದ್ದೋ. ಆದರೆ ಅಬ್ಬರಕ್ಕೆ ಮೊದಲು ಹಾಗೆ ಉಸಿರು ತಡೆದು ನಿಲ್ಲುವವರು ಈ ಲೋಕದಲ್ಲಿ ಒಬ್ಬರೇ. ವೇಷ ಕಟ್ಟುವ ಚೌಕಿಯಲ್ಲಿ, ಅಂಗಳದಲ್ಲಿ, ಅಡುಗೆಮನೆಯಲ್ಲಿ ನನ್ನನ್ನು ಹೆದರಿಸಲು ಎಷ್ಟು ಸಲ ಹಾಗೆ ನಿಂತಿದ್ದರೋ. ಅಯ್ಯೋ ದೇವರೇ ಎಂದು ನನ್ನ ಬಾಯಿಂದ ಬಂತು. ಅಷ್ಟರಲ್ಲಿ ಅಮ್ಮನ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಅಮ್ಮನಿಗೂ ತಿಳಿದಿತ್ತು. ಅಪ್ಪನ ಮೈಯಾಟಕ್ಕೆ ಕಂಪ್ಯೂಟರಿನಲ್ಲಿ ಹಲ್ಲಿಯ ಚರ್ಮ ಹೊದಿಸಿದ್ದರು. ಚುಕ್ಕಿ ಅಳಿಸುತ್ತೇವೆ ಎಂದಿದ್ದರು. ಮುಖವನ್ನೇ ಅಳಿಸಿದ್ದರು.

ಅಪ್ಪ ಇನ್ನೂ ನಗುತ್ತಿದ್ದರು.

ಆಮೇಲೆ ನಾನು ಪರದೆ ನೋಡಲಿಲ್ಲ. ಅಪ್ಪನನ್ನೇ ನೋಡುತ್ತಾ ಕೂತೆ. ನಗು ನಿಧಾನಕ್ಕೆ ನಿಂತಿತು. ಹೊಸಬರು ಯಾರಾದರೂ ಪರದೆಯ ಮೇಲೆ ಬಂದಾಗಲೆಲ್ಲ ಅವರು ಮುಂದಕ್ಕೆ ಬಾಗುತ್ತಿದ್ದರು, ಅಲ್ಲವೆಂದು ತಿಳಿದಾಗ ಹಿಂದಕ್ಕೆ ಒರಗುತ್ತಿದ್ದರು. ನಾಯಕ ಹಲ್ಲಿಯನ್ನು ಸಮುದ್ರಕ್ಕೆ ಎಸೆದ. ಸಿನಿಮಾ ಮುಗಿಯಿತು, ಹೆಸರುಗಳು ಏರತೊಡಗಿದವು, ಮಕ್ಕಳೆಲ್ಲ ಸೀಟು ಬಡಿಯುತ್ತಾ ಎದ್ದರು. ಅಪ್ಪ ಏಳಲಿಲ್ಲ. ನನ್ನ ತೋಳು ಹಿಡಿದು, ಜೊಲ್ಲು ಒರೆಸಿಕೊಂಡು ಕೇಳಿದರು: "ಯಾನ್ ಓಲು?"

ನಾನು ಎಲ್ಲಿ, ಎಂದು.

ನೀವು ಬೆರಳು ತೋರಿಸಿ ನಕ್ಕಿರಲ್ಲ, ಅದೇ ನೀವು ಎಂದು ಹೇಗೆ ಹೇಳಲಿ? ಹಿಂದಿನಿಂದ ಬ್ಯಾರಿ ಬಾಗಿ, "ಕೂತ್ಕೊಳ್ಳಿ ಅಣ್ಣೆರೆ, ಇಂಥ ಸಿನಿಮಾದಲ್ಲಿ ಹೆಸರೆಲ್ಲ ಹೋದ ಮೇಲೆ ಕೊನೆಗೆ ಒಂದು ತುಂಡು ಇರ್ತದೆ" ಎಂದರು. ಅವರಿಗೆ ಏನೂ ತಿಳಿದಿರಲಿಲ್ಲ, ಪಾಪ. ಅಪ್ಪನ ಮುಖ ಬೆಳಗಿತು. ಖಾಲಿ ಚಿತ್ರಮಂದಿರದಲ್ಲಿ ನಾವು ನಾಲ್ವರೇ ಕೂತೆವು. ಸಾವಿರಾರು ಹೆಸರುಗಳು, ಎಲ್ಲ ಇಂಗ್ಲಿಷಿನಲ್ಲಿ, ಓದಲು ಬಿಡದಷ್ಟು ಬೇಗ ಏರಿ ಹೋದವು. ಗುಡಿಸುವವಳು ಪೊರಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು.

ಕೊನೆಯ ತುಂಡು ಬಂತು. ಕತ್ತಲೆ ಕೋಣೆ. ಯಾರೋ ಒಬ್ಬರು ನಮಗೆ ಬೆನ್ನು ಹಾಕಿ ನಿಂತಿದ್ದಾರೆ. ಅಲುಗಾಡುವುದಿಲ್ಲ. ಇನ್ನೇನು ತಿರುಗಬೇಕು ಎನ್ನುವಾಗ ಕತ್ತಲಾಯಿತು. ಮೂರನೆಯ ಭಾಗದಲ್ಲಿ ನೋಡಿ ಎಂದು ಬಂತು, ದೀಪ ಹತ್ತಿತು.

"ಅಗೋ!" ಎಂದರು ಅಮ್ಮ. ನಾನು ಬೆಚ್ಚಿಬಿದ್ದೆ. ಅಮ್ಮ ನನ್ನನ್ನು ದಾಟಿ ಬಂದು, ಮದುವೆಯ ಸೀರೆಯಲ್ಲೇ ಅಪ್ಪನ ಕಾಲಬುಡದಲ್ಲಿ ಕೂತರು. "ಅದು ನೀವೇ ಅಲ್ವಾ! ಬೆನ್ನು ನೋಡಿ ನನಗೆ ಗೊತ್ತಾಗುದಿಲ್ವಾ? ಮುಖವನ್ನು ಮುಂದಿನದ್ದಕ್ಕೆ ಇಟ್ಟಿದ್ದಾರೆ. ನಿಮ್ಮ ವೇಷವನ್ನು ಒಮ್ಮೆಗೇ ತೋರಿಸಿಬಿಡ್ತಾರಾ ಯಾರಾದ್ರೂ?"

ಅಪ್ಪ ಅಮ್ಮನನ್ನು ನೋಡಿದರು. ಆಮೇಲೆ ಎಡಗೈಯನ್ನು ಮುಖದ ಮುಂದೆ ಎತ್ತಿ ಅಡ್ಡಕ್ಕೆ ಒಂದು ಗೆರೆ ಎಳೆದರು. ತೆರೆ. ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ಅಡ್ಡ ಹಿಡಿಯುವ ಬಟ್ಟೆಯ ತೆರೆ. ಅದರ ಹಿಂದೆ ವೇಷಧಾರಿ ಮೊದಲು ಬೆನ್ನು ಹಾಕಿ ಕುಣಿಯುತ್ತಾನೆ, ಕಿರೀಟ ತೋರಿಸುತ್ತಾನೆ, ಜನರನ್ನು ಕಾಯಿಸಿ ಕಾಯಿಸಿ ಕೊನೆಗೆ ಮುಖ ಕೊಡುತ್ತಾನೆ. ಅಮ್ಮ ಹೇಳಿದ ಸುಳ್ಳು ಅಪ್ಪನ ವಿದ್ಯೆಗೆ ಸರಿಯಾಗಿ ಹೊಂದಿತು. ಅವರು ತಲೆಯಾಡಿಸಿದರು. ಬ್ಯಾರಿ ಮಾತ್ರ ಮುಖ ತಿರುಗಿಸಿ, ರಿಕ್ಷಾ ತಿರುಗಿಸಿ ನಿಲ್ಲಿಸುತ್ತೇನೆಂದು ಹೊರಗೆ ಹೋದರು. ಆಗ ಅವರಿಗೂ ತಿಳಿಯಿತೆಂದು ಕಾಣುತ್ತದೆ.

ಸಿನಿಮಾವನ್ನು ವಾರದೊಳಗೆ ಎಲ್ಲ ಕಡೆಯಿಂದ ಕಿತ್ತುಹಾಕಿದರು. ಮೂರನೆಯ ಭಾಗ ಇನ್ನಿಲ್ಲ, ಮಾಡುವವರು ಕೈಬಿಟ್ಟರು ಎಂದು ಆಮೇಲೆ ಬ್ಯಾರಿ ಮೊಬೈಲಿನಲ್ಲಿ ಓದಿ, ಗೇಟಿನ ಹೊರಗೆ ನಿಂತು ನನಗೆ ಹೇಳಿದರು. ನಾನು ಅಮ್ಮನಿಗೆ ಹೇಳಿದೆ. "ಇವರ ಕಿವಿಗೆ ಹಾಕಿದ್ರೆ ನೋಡು ಮತ್ತೆ" ಎಂದರು ಅಮ್ಮ. ಆ ದಿನ ಅಮ್ಮ ಗಂಜಿ ಮುಟ್ಟಲಿಲ್ಲ.

ಅಪ್ಪ ಈಗ ದಿನಾ ಬೆಳಿಗ್ಗೆ ಚಾ ಕೊಡುವ ಮೊದಲು ರೇಜರಿನ ಕಡೆ ಕೈ ತೋರಿಸುತ್ತಾರೆ. ಕರೆ ಯಾವಾಗ ಬರುತ್ತದೋ ಹೇಳಲಿಕ್ಕಾಗುವುದಿಲ್ಲವಲ್ಲ. ನಾನು ಅಂಗಡಿಗೆ ಹೋಗುವ ಮೊದಲು ಸ್ಟೂಲು ಎಳೆದು ಎದುರು ಕೂರುತ್ತೇನೆ. ಸೋಪು ಹಚ್ಚುವಾಗ ಅವರು ಮುಖವನ್ನು ಅಲ್ಲಾಡಿಸುವುದಿಲ್ಲ, ಉಸಿರನ್ನೂ ಮೆಲ್ಲಗೆ ಬಿಡುತ್ತಾರೆ. ಮುಗಿದ ಮೇಲೆ ಎಡಗೈಯ ಬೆರಳಿನಿಂದ ಸತ್ತ ಕೆನ್ನೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ಎಲ್ಲಾದರೂ ಒಂದು ಕೂದಲು ಉಳಿದಿದ್ದರೆ ಅಲ್ಲಿ ಬೆರಳಿಟ್ಟು ನನಗೆ ತೋರಿಸುತ್ತಾರೆ. ನಾನು ಮತ್ತೊಮ್ಮೆ ಸೋಪು ಹಚ್ಚುತ್ತೇನೆ.